ಬಿದ್ದರ ಎಡಕ್ಕ ಬೀಳ್ರಿ

ಕಬ್ಬಿಣದ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನನ್ನ ಮೊದಲ ಮಾತು ಇದು: ಗಿರಾಕಿ ಅಂಗಡಿಗೆ ಬಂದು "ನಾ ಗಾಡಿ ಮ್ಯಾಲಿಂದ ಒಮ್ಮೆನೂ ಬಿದ್ದಿಲ್ಲ" ಅಂದರೆ ಅವನ ಮುಖ ನೋಡಬೇಡಿ, ಮೊಣಕಾಲಿನ ಕೆಳಗೆ ನೋಡಿ. ಬೈಲಹೊಂಗಲದಲ್ಲಿ ಮೋಟಾರ್ ಸೈಕಲ್ಲುಗಳಿಗೆ ಗಾರ್ಡು ಮಾಡಿಕೊಡುತ್ತಲೇ ಮುದುಕನಾದವನು ನಾನು. ಗಾರ್ಡು ಎಂದರೆ ಎಂಜಿನ್ನಿನ ಎರಡೂ ಬದಿಗೆ, ಸವಾರನ ಕಾಲಿನ ಮುಂದೆ ಬಾಗಿ ನಿಲ್ಲುವ ಕಬ್ಬಿಣ. ಗಾಡಿ ಉರುಳಿದರೆ ಮೊದಲು ನೆಲ ಮುಟ್ಟುವುದು ಅದು, ಆಮೇಲೆ ಉಳಿದವರು.

ಈಗ ಅದು ಪೆಟ್ಟಿಗೆಯಲ್ಲಿ ಬರುತ್ತದೆ. ಹುಡುಗರು ಬಣ್ಣ ನೋಡುತ್ತಾರೆ, ಹೊಳಪು ನೋಡುತ್ತಾರೆ, ಬೆರಳಿನಿಂದ ಟಣ್ ಎಂದು ಬಾರಿಸಿ ತಲೆಯಾಡಿಸುತ್ತಾರೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಅಂಥ ಪೆಟ್ಟಿಗೆ ಇರಲಿಲ್ಲ. ಊರಿಗೆ ನಾಲ್ಕೋ ಐದೋ ಫಟಫಟಿ. ಕಾಲು ಮುರಿದ ಮೇಲೆ ಸವಾರ ಕುಂಟುತ್ತ ಕಾಳಪ್ಪ ಮಿಸ್ತ್ರಿಯವರ ಕುಲುಮೆಗೆ ಬರುತ್ತಿದ್ದ.

ಕಾಳಪ್ಪ ಮಿಸ್ತ್ರಿಯವರು ನನ್ನ ಗುರುಗಳು. ಕೂರಿಗೆ, ಕುಂಟೆ, ಚಕ್ಕಡಿ ಗಾಲಿಯ ಹಳಿ, ಇವೇ ಅವರ ಕೆಲಸ. ಎತ್ತಿನ ಬಂಡಿ ಬಿಟ್ಟು ಬೇರೆ ವಾಹನವನ್ನು ಅವರು ವಾಹನವೆಂದೇ ಒಪ್ಪುತ್ತಿರಲಿಲ್ಲ. "ತಾನs ನಿಂದ್ರಾಕ ಬರೂದಿಲ್ಲ, ಕಟ್ಟಿಗಿ ಕೊಟ್ಟು ನಿಂದರಸಬೇಕು. ಇಂಥಾದನ್ನ ನಂಬಿ ಮಂದಿ ಮ್ಯಾಲ ಕುಂಡ್ರತಾರಲ್ಲೋ" ಎಂದು ನಗುತ್ತಿದ್ದರು. ಆದರೆ ಕೆಲಸ ಬಂದರೆ ಒಲ್ಲೆ ಅನ್ನುವವರಲ್ಲ.

ನಮ್ಮಲ್ಲಿ ಮೊದಲ ಗಾರ್ಡು ಮಾಡಿಸಿದವರು ಅರಳೆ ವ್ಯಾಪಾರದ ಗುರುಸಿದ್ದಪ್ಪ ಸಾಹುಕಾರರು. "ಮಿಸ್ತ್ರಿ, ನೋಡಿದಾವ್ರು ದಾರಿ ಬಿಡಬೇಕು, ಹಂಗಿರಲಿ" ಎಂದರು. ಮಿಸ್ತ್ರಿಯವರು ಚಕ್ಕಡಿಗೆ ಹಾಕುವ ಗಟ್ಟಿ ಕಬ್ಬಿಣದ ಸಳಿಯನ್ನೇ ಕಾಯಿಸಿ ಬಾಗಿಸಿದರು. ಎರಡೂ ತುದಿಗಳು ಕಿಲಾರಿ ಹೋರಿಯ ಕೋಡಿನಂತೆ ಹೊರಗೆ ಚಾಚಿದವು. ಸಾಹುಕಾರರು ಅದನ್ನು ಕೂಡಿಸಿಕೊಂಡು ಕಿತ್ತೂರಿಗೆ ಹೊರಟರು. ಅಲ್ಲಿ ಒಂದು ಓಣಿಯಲ್ಲಿ ಮದುವೆ ನಡೆದಿತ್ತು. ಹಂದರದ ಹಗ್ಗವನ್ನು ದಾರಿಯ ಅಂಚಿನ ಗೂಟಕ್ಕೆ ಬಿಗಿದಿದ್ದರು. ಗಾರ್ಡಿನ ಬಲಗೋಡು ಆ ಹಗ್ಗವನ್ನು ಸಲೀಸಾಗಿ ಎತ್ತಿಕೊಂಡಿತು. ಸಾಹುಕಾರರು ಮುಂದೆ ಹೋದರು, ಹಂದರವೂ ಅವರ ಹಿಂದೆ ಹೊರಟಿತು. ಊಟಕ್ಕೆ ಕುಳಿತ ಪಂಕ್ತಿಯ ಮೇಲೆ ತೆಂಗಿನ ಗರಿ, ಮಾವಿನ ತೋರಣ, ಒಬ್ಬ ವಾಲಗದವ, ಎಲ್ಲ ಒಟ್ಟಿಗೆ ಇಳಿದರು. ಬೀಗರು ಸಾಹುಕಾರರನ್ನು ಹಿಡಿದು ಬೈಯಲಿಲ್ಲ. ಧೋತರ ಕಟ್ಟಿಸಿ, ಕೈಗೆ ಹುಗ್ಗಿಯ ಬಕೀಟು ಕೊಟ್ಟು, ಕೊನೆಯ ಪಂಕ್ತಿ ಏಳುವವರೆಗೆ ಬಡಿಸಲು ಹಚ್ಚಿದರು.

ಆ ಮೇಲೆ ನಮ್ಮ ಕುಲುಮೆಯಲ್ಲಿ ತುದಿ ಹೊರಗಿರುವ ಗಾರ್ಡು ಹುಟ್ಟಲಿಲ್ಲ. ತುದಿ ಯಾವಾಗಲೂ ಒಳಕ್ಕೆ ತಿರುಗಿ ಗಾಡಿಗೇ ಸೇರಬೇಕು. ಈ ಪಾಠಕ್ಕೆ ನಾವು ಕಿತ್ತೂರಿನ ಬೀಗರಿಗೆ ಋಣಿ.

ಇಷ್ಟಾದರೂ ಗಾರ್ಡನ್ನು ಆರಿಸುವುದು ಹೇಗೆಂದು ನಮಗೆ ಕಲಿಸಿದವರು ಬೇರೆ. ಒಂದು ಮುಂಗಾರಿನ ಆರಂಭದಲ್ಲಿ ಮಿಲಿಟರಿ ಹಸಿರು ಬಣ್ಣದ ಹಳೆಯ ಗಾಡಿಯೊಂದು ಅಂಗಡಿಯ ಮುಂದೆ ಬಂದು ನಿಂತಿತು. ಅದರ ಮೇಲಿಂದ ಬಿಳಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟ, ಮೂವತ್ತರ ಸುಮಾರಿನ ಹೆಂಗಸು ಇಳಿದರು. ಕುಲುಮೆಯ ತಿದಿ ಒತ್ತುತ್ತಿದ್ದ ನಾನು ಒತ್ತುವುದನ್ನು ಮರೆತೆ. ಅವರು ಸುಜಾತಾ ಕಾಂಬಳೆ, ಮನೋಳಿ ಕಡೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುವ ನರ್ಸಬಾಯಿ. ಅವರ ಅಣ್ಣ ಸೈನ್ಯದಿಂದ ನಿವೃತ್ತನಾಗಿ ಬರುವಾಗ ಅಲ್ಲಿಯ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಈ ಗಾಡಿ ಹಿಡಿದಿದ್ದ. ದೂರದ ಊರಿನಲ್ಲಿ ನೌಕರಿ ಸಿಕ್ಕಾಗ ತಂಗಿಗೆ ನಡೆಸಲು ಕಲಿಸಿ, ಗಾಡಿ ಅವರಿಗೇ ಬಿಟ್ಟು ಹೋಗಿದ್ದ.

"ಮಿಸ್ತ್ರಿ, ಗಾರ್ಡ್ ಬೇಕಾಗೇತ್ರಿ" ಎಂದರು.

"ಯಾರ ಗಾಡಿಗ್ರಿ ಬಾಯಾರ?"

"ನನ್ನ ಗಾಡಿಗೆ."

"ನಡಸಾವ್ರು ಯಾರ್ರಿ?"

"ನಾನs."

"ಹಿಂದ ಕುಂಡ್ರಾವ್ರು?"

"ಔಷಧದ ಚೀಲ."

ಮಿಸ್ತ್ರಿಯವರು ಗೋಡೆಗೆ ತೂಗುಹಾಕಿದ್ದ ಎರಡು ನಮೂನೆಗಳನ್ನು ತೋರಿಸಿದರು. ಒಂದು ಸಾಹುಕಾರರ ಗಟ್ಟಿ ಸಳಿಯದು, ತುದಿ ಒಳಕ್ಕೆ ತಿರುಗಿಸಿದ್ದು. ಇನ್ನೊಂದು ತೆಳು ಪೈಪಿನದು, ಹಗುರ. "ಯಾವುದು ಬೇಕಾದ್ರೂ ಹೇಳ್ರಿ. ಎರಡೂ ಗಟ್ಟಿಮುಟ್ಟ ಅದಾವ."

ಬಾಯಾರು ಎರಡನ್ನೂ ಎತ್ತಿ ನೋಡಿ ಕೇಳಿದರು: "ಇವನ್ನ ಹಾಕ್ಕೊಂಡು ಬಿದ್ದಾವ್ರು ಯಾರದಾರ್ರಿ? ಅವರನ್ನ ಕೇಳಿ ಆರಸ್ತೇನಿ."

"ನಮ್ಮ ಗಿರಾಕಿ ಯಾರೂ ಬೀಳೂದಿಲ್ರಿ ಬಾಯಾರ."

"ಹಂಗಾದ್ರ ಗಾರ್ಡ್ ಯಾಕ ಮಾಡ್ತೀರಿ?"

ಮಿಸ್ತ್ರಿಯವರು ಅಡಿಗಲ್ಲಿನ ಮೇಲೆ ತಣ್ಣಗಿದ್ದ ಕಬ್ಬಿಣಕ್ಕೆ ಎರಡು ಏಟು ಹಾಕಿ, "ಲೇ ಫಕೀರ್ಯಾ, ಬಾಯಾರಿಗೆ ಸಾಹುಕಾರ್ರ ಮನಿ ತೋರಸು" ಎಂದರು. ಫಕೀರಪ್ಪ ನನ್ನ ಹೆಸರು. ಆಗ ನನಗೆ ಇಪ್ಪತ್ತೆರಡು.

ಸಾಹುಕಾರರು ತಕ್ಕಡಿ ಬಿಟ್ಟು ಎದ್ದು ಬಂದರು. ಬಿದ್ದ ಮಾತು ಎತ್ತುತ್ತಲೇ, "ಬೀಳೂದಂದ್ರೇನು? ಹೋದ ತಿಂಗಳ ಮುರಗೋಡ ದಾರ್ಯಾಗ ಗಾಡಿ ಒಂದೀಟು ವಾರಿ ಆತು. ಗಾರ್ಡ್ ನೋಡ್ರಿ, ಒಂದು ಗೀರು ಬಿದ್ದಿಲ್ಲ!" ಎಂದು ಹೆಮ್ಮೆಯಿಂದ ತೋರಿಸಿದರು. ನಿಜ, ಗಾರ್ಡಿಗೆ ಏನೂ ಆಗಿರಲಿಲ್ಲ. ಅದು ಬಾಗಲೊಲ್ಲೆ ಅಂದದ್ದಕ್ಕೆ ಏಟೆಲ್ಲ ಗಾಡಿಯ ಚೌಕಟ್ಟಿಗೆ ಹೋಗಿತ್ತು. ಮುಂದಿನ ಗಾಲಿ ಬೆಳಗಾವಿ ಕಡೆ ಮುಖ ಮಾಡಿದ್ದರೆ ಹಿಂದಿನದು ಧಾರವಾಡ ಕಡೆ ಹೊರಟಿತ್ತು. ಹೊರಗೆ ಬಂದ ಮೇಲೆ ಬಾಯಾರು ನನಗೆ ಹೇಳಿದರು: "ಗಾರ್ಡ್ ಉಳಸಾಕ ಗಾಡಿ ಕೊಟ್ಟಾರ ನೋಡು."

ಸಂತೆಯ ದಿನ ಅವರು ಮತ್ತೆ ಬಂದು ಅಂಗಡಿಯಲ್ಲೇ ಕುಳಿತರು. ಕಿತ್ತೂರಿನ ಒಬ್ಬ ಡ್ರಿಲ್ ಮಾಸ್ತರರು ತೆಳು ಪೈಪಿನ ಗಾರ್ಡು ಮಾಡಿಸಿದ್ದರು. ಅವರೂ ಬಂದರು. ಎದೆ ಮುಂದೆ, ಮೀಸೆ ಮೇಲೆ.

"ಮಾಸ್ತರ, ನೀವು ಬಿದ್ದೀರೇನ್ರಿ?"

"ನಾನೇ? ಗಾಡಿ ಮಲಕೊಂಡಿತ್ರಿ. ನಾ ಅದರ ಮಗ್ಗಲಕ ಕುಂತಿದ್ದೆ."

ಬಾಯಾರು ನಗಲಿಲ್ಲ. "ಪ್ಯಾಂಟ್ ಈಟು ಮ್ಯಾಲ ಮಾಡ್ರಿ" ಎಂದರು. ಮಕ್ಕಳಿಗೆ ಹುಕುಂ ಕೊಟ್ಟು ರೂಢಿಯಿದ್ದ ಮಾಸ್ತರರು ತಾವೇ ಹುಕುಂ ಪಾಲಿಸಿದರು.

"ಈ ಗಾಯ ಎಲ್ಲೀದ್ರಿ?"

"ಅದು ಸಣ್ಣಾಂವಿದ್ದಾಗ ಆಗಿದ್ದು."

"ಹೊಲಿಗಿ ಇನ್ನೂ ಬಿಚ್ಚಿಲ್ಲಲ್ರಿ ಮಾಸ್ತರ."

ಆಗ ಬಾಯಿ ಬಿಟ್ಟರು. ಗಾಡಿ ಉರುಳಿದಾಗ ತೆಳು ಪೈಪು ಮಡಚಿ, ಬ್ರೇಕ್ ಪೆಡಲಿಗೂ ಎಂಜಿನ್ನಿಗೂ ನಡುವೆ ಅವರ ಕಾಲನ್ನು ಅಡಕತ್ತರಿಯಲ್ಲಿ ಅಡಿಕೆ ಹಿಡಿದಂತೆ ಹಿಡಿದಿತ್ತು. ಮಿಸ್ತ್ರಿಯವರು ಅತ್ತ ಮುಖ ತಿರುಗಿಸಿ ತಂಬಾಕು ಉಜ್ಜತೊಡಗಿದರು. ಒಂದು ಗಾರ್ಡು ಬಾಗುವುದೇ ಇಲ್ಲ, ಇನ್ನೊಂದು ಬಾಗಿದರೆ ಕಾಲನ್ನೇ ಹಿಡಿಯುತ್ತದೆ. ನಮ್ಮ ಗೋಡೆಯ ಮೇಲೆ ಇದ್ದವು ಇವೆರಡೇ.

ಅಷ್ಟರಲ್ಲಿ ರಾಮದುರ್ಗದ ತಿಪ್ಪಣ್ಣ ಬಂದ. ಅಲ್ಲಿಯ ಮಗ್ಗದ ಸೀರೆಗಳನ್ನು ಗಾಡಿಯ ಮೇಲೆ ಹೇರಿಕೊಂಡು ಹಳ್ಳಿಹಳ್ಳಿ ಮಾರುವ ವ್ಯಾಪಾರಿ. ಪ್ರಶ್ನೆ ಕೇಳಿದ್ದೇ ತಡ, ಅವನ ಮುಖ ಅರಳಿತು. ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಬಿದ್ದಿಲ್ಲೇನಂತೀರಿ? ಬೀಳದ ಊರು ಯಾವುದೈತ್ರಿ ಬಾಯಾರ! ಆದ್ರ ಒಂದು ಮಾತು ಕೇಳ್ರಿ. ಬೀಳೂದು ಬ್ಯಾರೆ, ಏಳೂದು ಬ್ಯಾರೆ. ಬೀಳಾಕ ಒಬ್ಬಾಂವ ಸಾಕು. ಗಾಡಿ ಪೂರಾ ನೆಲಕ್ಕ ಮಲಗಿದ್ರ ಎಬ್ಬಸಾಕ ಇಬ್ಬರು ಬೇಕು. ತೊರಗಲ್ ಕೋಟಿ ಗ್ವಾಡಿ ಬುಡಕ ಬಿದ್ದಾಗ ಯಾರರ ಬರ್ತಾರೇನಂತ ಅರ್ಧ ದಿನ ಕುಂತೆ. ಕಡೀಕ ಹೊಲದಿಂದ ಹೆಣ್ಣಮಕ್ಕಳು ಬಂದ್ರು."

"ಎಬ್ಬಸಿದ್ರೇನು?"

"ಇಲ್ರಿ. ಗಂಟು ಬಿಚ್ಚಿ ಸೀರಿ ನೋಡಿದ್ರು. ಸೆರಗು ಚಲೋ ಇಲ್ಲಂದು ಹೋದ್ರು."

ಎಲ್ಲರೂ ನಕ್ಕೆವು. ಬಾಯಾರು ಮಾತ್ರ ಅಂಗಡಿಯ ಮುಂದೆ ಗುಡ್ಡೆ ಹಾಕಿದ್ದ ಉಸುಕಿನ ಕಡೆ ನೋಡುತ್ತಿದ್ದರು. ಎದ್ದು ಹೋಗಿ, ತಮ್ಮ ಗಾಡಿಯನ್ನು ಅದರ ಪಕ್ಕಕ್ಕೆ ನೂಕಿ ತಂದು, ಹ್ಯಾಂಡಲ್ಲಿನಿಂದ ಕೈ ಬಿಟ್ಟರು. ಗಾಡಿ ದೊಪ್ಪೆಂದು ಮಲಗಿತು. ಮಿಸ್ತ್ರಿಯವರು "ಅಯ್ಯಯ್ಯ!" ಎಂದು ಎದೆ ಹಿಡಿದುಕೊಂಡರು. ಬಾಯಾರು ಎತ್ತಲು ನೋಡಿದರು. ಏಳಲಿಲ್ಲ. ಎಂಜಿನ್ನಿನ ಕೆಳಗೆ ನಮ್ಮಿಂದ ಒಂದು ಕಟ್ಟಿಗೆಯ ತುಂಡು ಕೊಡಿಸಿ, ಗಾಡಿ ಅರ್ಧ ವಾಲಿ ನಿಲ್ಲುವಂತೆ ಮಾಡಿ ಮತ್ತೆ ಎತ್ತಿದರು. ಒಬ್ಬರೇ ಎತ್ತಿದರು.

"ಇಷ್ಟs ಬೇಕು ನನಗ, ಮಿಸ್ತ್ರಿ. ಹಳ್ಯಾಗ ಒಬ್ಬಾಕಿ ಬ್ಯಾನಿ ತಿನಕೋತ ಮಲಗಿರತಾಳ. ನಾ ದಾರ್ಯಾಗ ಗಾಡಿ ಮಗ್ಗಲಕ ಕುಂತು ಮಂದಿ ದಾರಿ ಕಾಯಾಕ ಬರೂದಿಲ್ಲ. ಗಾಡಿ ಬಿದ್ರೂ ಪೂರಾ ಮಲಗಬಾರದು."

ಮಿಸ್ತ್ರಿಯವರು ಇದ್ದಿಲಿನಿಂದ ನೆಲದ ಮೇಲೆ ಒಂದು ಚಿತ್ರ ಬರೆದರು: ದಪ್ಪ ಗೋಡೆಯ ಪೈಪು, ಹೊಟ್ಟೆ ಹೊರಗೆ ಬಂದದ್ದು, ಬೋಲ್ಟುಗಳೆಲ್ಲ ಚೌಕಟ್ಟಿಗೆ, ಎಂಜಿನ್ನಿಗೆ ಒಂದೂ ಇಲ್ಲ. ಹೊಡೆತ ಬಿದ್ದರೆ ಸ್ವಲ್ಪ ಬಾಗಬೇಕು, ಆದರೆ ಕಾಲಿನ ಜಾಗ ಬಿಟ್ಟು ಬಾಗಬೇಕು.

ಪೈಪು ಬಾಗಿಸುವ ಕ್ರಮವನ್ನು ಇಲ್ಲಿ ಹೇಳಲೇಬೇಕು. ಬರೀ ಪೈಪನ್ನು ಕಾಯಿಸಿ ಬಾಗಿಸಿದರೆ ಅದು ನುಗ್ಗೆಕಾಯಿಯಂತೆ ಚಪ್ಪಟೆಯಾಗಿ ಮುರಿಯುತ್ತದೆ. ಅದಕ್ಕೆ ಒಳಗೆ ಉಸುಕು ಗಿಡಿದು, ಎರಡೂ ಬಾಯಿಗೆ ಕಟ್ಟಿಗೆಯ ಗೂಟ ಬಡಿದು, ಕೆಂಪಗೆ ಕಾಯಿಸಿ, ಮೆಲ್ಲಗೆ ಎಳೆಯಬೇಕು. ಉಸುಕು ಮಾತ್ರ ಚೆನ್ನಾಗಿ ಹುರಿದು ಒಣಗಿಸಿದ್ದಿರಬೇಕು. ಒಂದಿಷ್ಟು ಹಸಿ ಇದ್ದರೂ ಒಳಗೆ ಉಗಿ ಹುಟ್ಟಿ, ಪೈಪು ಬಂದೂಕಾಗುತ್ತದೆ.

ಗಾರ್ಡು ಕೂಡಿಸುವ ದಿನ ಬಾಯಾರು ಬೆಳಿಗ್ಗೆಯೇ ಬಂದಿದ್ದರು. ಎಡಗಡೆಯದು ಚೆಂದಾಗಿ ಬಾಗಿ, ಬೆಸುಗೆಯಾಗಿ, ಗಾಡಿಗೆ ಕುಳಿತಿತು. ಮೋಡ ಕವಿಯುತ್ತಿತ್ತು. ಮಿಸ್ತ್ರಿಯವರು ಅವಸರದಲ್ಲಿದ್ದರು. ಹೊಳೆಯಿಂದ ಆಗಷ್ಟೇ ಬಂದ ಉಸುಕಿಗೆ ಕೈ ಹಾಕಿ, "ಒಣಗೇತಿ, ತುಂಬು" ಎಂದರು.

"ತಂಪ ಹತ್ತತೈತ್ರಿ ಮಿಸ್ತ್ರಿ."

"ನಿನ್ನ ಕೈ ತಂಪ ಅದಾವ. ತುಂಬು."

ತುಂಬಿದೆ. ಪೈಪು ಕೆಂಪಾಗುತ್ತ ಬಂತು. ಮಿಸ್ತ್ರಿಯವರು ಇಕ್ಕಳ ಎತ್ತಿಕೊಳ್ಳಲು ಬಗ್ಗಿದರು, ಅದೇ ಅವರ ಪುಣ್ಯ. ಢಂ ಎಂದಿತು. ಗೂಟ ಅವರ ತಲೆಯ ಮೇಲಿಂದ ಹಾರಿ, ರಸ್ತೆ ದಾಟಿ, ಎದುರಿನ ಚಹಾದಂಗಡಿಯೊಳಗೆ ಹೋಯಿತು. ನಾವು ಕಿವಿ ತೀಡಿಕೊಳ್ಳುತ್ತಿರುವಾಗ ಚಹಾದಂಗಡಿಯವನು ಮುಖದ ತುಂಬ ಹಾಲು ಸಿಡಿಸಿಕೊಂಡು ಬಂದು, ಇಕ್ಕಳದಲ್ಲಿ ಹಿಡಿದಿದ್ದ ಗೂಟವನ್ನು ತೋರಿಸಿ ಬಹಳ ಸಭ್ಯನಾಗಿ ಕೇಳಿದ: "ಮಿಸ್ತ್ರಿ, ಇದು ನಿಮ್ಮದೇನ್ರಿ? ನಮ್ಮ ಹಾಲಿನ್ಯಾಗ ಬಂದಿತ್ತು."

ಬಲಗಡೆಯ ಪೈಪು ಉದ್ದಕ್ಕೆ ಸೀಳಿತ್ತು. ಅಂಥ ಪೈಪು ಬೇಕೆಂದರೆ ಹುಬ್ಬಳ್ಳಿಯಿಂದ ಬರಬೇಕು. ಇನ್ನೊಂದು ದಿನ ಬರುತ್ತೇನೆಂದು ಬಾಯಾರು ಹೇಳುತ್ತಿರುವಾಗಲೇ ಸವದತ್ತಿಯ ಬಸ್ಸು ಅಂಗಡಿಯ ಮುಂದೆ ನಿಂತು, ಕಂಡಕ್ಟರ್ ಕಿಟಕಿಯಿಂದ ಕೂಗಿದ: "ನರ್ಸಬಾಯಾರ! ಹೂಲಿ ಮಂದಿ ಸ್ಟ್ಯಾಂಡಿನ್ಯಾಗ ಹೇಳಿ ಕಳಿಸ್ಯಾರ್ರಿ. ಆ ಹೆಣ್ಣಮಗಳಿಗೆ ಬ್ಯಾನಿ ಸುರು ಆಗ್ಯಾವಂತ. ಕೂಸು ಅಡ್ಡ ಐತಂತ!"

ಬಸ್ಸು ಹಿಂತಿರುಗುವುದು ಸಂಜೆಗೆ. ಸವದತ್ತಿಯಿಂದ ಹೂಲಿಗೆ ಆಗ ಬಸ್ಸೇ ಇರಲಿಲ್ಲ. ಬಾಯಾರು ಚೀಲ ಎತ್ತಿಕೊಂಡು ಗಾಡಿಯ ಕಡೆ ನಡೆದರು. ಮಿಸ್ತ್ರಿಯವರು ಅಡ್ಡ ಬಂದರು. ಗೇರ್ ಹಾಕುವ ಲಿವರ್ರು, ಒದೆಯುವ ಕಿಕ್ಕರ್ರು, ಎರಡೂ ಆ ಗಾಡಿಗೆ ಬಲಗಡೆ. ಅವು ಡೊಂಕಾದರೆ ಗಾಡಿ ಅಲ್ಲಿಗೇ ಮುಗಿಯಿತು. ಬಲಕ್ಕೆ ಗಾರ್ಡು ಇಲ್ಲ. ಮಿಸ್ತ್ರಿಯವರು ಗಾಡಿಯನ್ನು ನೋಡಿದರು, ಮೋಡ ನೋಡಿದರು, ಕೈ ಮುಗಿದರು.

"ಬಾಯಾರ, ಒಂದs ಒಂದು ಮಾತು ನಡಸಿಕೊಡ್ರಿ. ಬಿದ್ದರ ಎಡಕ್ಕ ಬೀಳ್ರಿ."

"ಆತ್ರಿ" ಎಂದರು ಬಾಯಾರು, ಬೆಲ್ಲ ತರಲು ಹೇಳಿದಂತೆ ಸಹಜವಾಗಿ.

ಬೋಲ್ಟುಗಳನ್ನು ಇನ್ನೂ ಗಟ್ಟಿಯಾಗಿ ಬಿಗಿದಿರಲಿಲ್ಲ. "ಲೇ ಫಕೀರ್ಯಾ, ಪಾನಾ ತಗೊಂಡು ಹಿಂದ ಕುಂಡ್ರು. ಸಡ್ಲ ಆದ್ರ ಬಿಗೀತಾ ಹೋಗು" ಎಂದು ಮಿಸ್ತ್ರಿಯವರು ನನ್ನನ್ನೂ ಹತ್ತಿಸಿದರು. ಹೆಣ್ಣುಮಗಳು ನಡೆಸುವ ಗಾಡಿಯ ಹಿಂದೆ ಚೀಲ ಅಪ್ಪಿಕೊಂಡು ಕುಳಿತ ನನ್ನನ್ನು ನೋಡಲು ಬಜಾರಿನ ಅರ್ಧ ಮಂದಿ ಹೊರಗೆ ಬಂದಿದ್ದರು. ಮುಖ ಮುಚ್ಚಿಕೊಳ್ಳೋಣವೆಂದರೆ ಕೈಗಳಿಗೆ ಬಿಡುವಿರಲಿಲ್ಲ.

ಮನೋಳಿಯ ಹೊಳೆ ದಾಟಿದೆವು, ಸವದತ್ತಿ ದಾಟಿದೆವು. ಅಲ್ಲಿಂದಾಚೆ ಆಗಲೇ ಮಳೆ ಹೊಡೆದು ಹೋಗಿತ್ತು. ಎರೆಮಣ್ಣಿನ ದಾರಿ ಬೆಣ್ಣೆ ಸವರಿದಂತಿತ್ತು. ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಅದು ಗಾಲಿಯೋ ರೊಟ್ಟಿ ಹಿಟ್ಟಿನ ಮುದ್ದೆಯೋ ತಿಳಿಯದಾಯಿತು. ಎದುರಿಗೆ ಮೇವು ಹೇರಿದ ಚಕ್ಕಡಿ ಬಂತು. ಬಾಯಾರು ಬದಿಗೆ ಸರಿಯಲು ಹೋದರು. ಹಿಂದಿನ ಗಾಲಿ ಜಾರಿತು. ಗಾಡಿ ವಾಲತೊಡಗಿದ್ದು ಬಲಕ್ಕೆ.

"ಬಾಯಾರ, ಎಡಕ್ರೀ!" ಎಂದು ಚೀರಿದೆ.

"ಗೊತ್ತೈತೋ!"

ಅವರು ಬಲಗಾಲನ್ನು ನೆಲಕ್ಕೆ ಜಾಡಿಸಿ ಒದ್ದು, ಮೈಭಾರವನ್ನೆಲ್ಲ ಎಡಕ್ಕೆ ಎಸೆದರು. ಗಾಡಿ ಒಂದು ಗಳಿಗೆ ಯೋಚನೆ ಮಾಡಿ, ಎಡಕ್ಕೆ ಬಿತ್ತು. ನಾನು ಚೀಲ ಸಮೇತ ಹೊಲದೊಳಗೆ ಹೋಗಿ ಬಿದ್ದೆ. ತಲೆಯೆತ್ತಿ ನೋಡಿದರೆ ಗಾರ್ಡಿನ ಹೊಟ್ಟೆ ಮಣ್ಣಿನಲ್ಲಿ ಊರಿ, ಗಾಡಿ ದಣಿದ ಎತ್ತಿನಂತೆ ಅರ್ಧ ವಾಲಿ ನಿಂತಿತ್ತು. ಪೈಪು ಒಂದಿಷ್ಟು ಬಾಗಿತ್ತು, ಬಾಯಾರ ಕಾಲಿಗೆ ಜಾಗ ಬಿಟ್ಟು ಬಾಗಿತ್ತು. ನಾನು ಕೆಸರಿನಲ್ಲಿ ಚಪ್ಪಲಿ ಹುಡುಕುವಷ್ಟರಲ್ಲಿ ಅವರು ಕಾಲು ಎಳೆದುಕೊಂಡು, ಎದ್ದು, ಒಬ್ಬರೇ ಗಾಡಿಯನ್ನು ನಿಲ್ಲಿಸಿಬಿಟ್ಟಿದ್ದರು.

ಚಕ್ಕಡಿಯವನು ಬಾಯಿ ತೆರೆದುಕೊಂಡು ನಿಂತಿದ್ದ. "ಯಕ್ಕಾ, ಬಿದ್ದೇನs?"

"ಹೂಂ, ಬಿದ್ದೆ. ಹೂಲಿಗೆ ಇದs ದಾರಿ ಅಲ್ಲೇನು?"

ಹೂಲಿಯ ಆ ಮನೆಯ ಮುಂದೆ ಇಳಿದಾಗ ನಮ್ಮಿಬ್ಬರಲ್ಲಿ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮಣ್ಣು. ಹಿಂದಿನ ಸಲ ಬಸುರಿಯನ್ನು ನೋಡಲು ಬಂದಾಗ, ಕಾಂಬಳೆ ಎಂಬ ಹೆಸರು ಕೇಳಿ ಜಾತಿ ತಿಳಿದು ಆ ಮನೆಯ ಅತ್ತೆ ಬಾಯಾರನ್ನು ದನದ ಕೊಟ್ಟಿಗೆಯ ಬಳಿ ನಿಲ್ಲಿಸಿ, ನೀರನ್ನು ಮೇಲಿನಿಂದ ಸುರಿದಿದ್ದಳಂತೆ. ದಾರಿಯಲ್ಲಿ ಬಾಯಾರು ಅದನ್ನು ಯಾರದೋ ಕಥೆಯೆಂಬಂತೆ ಹೇಳಿದ್ದರು. ಒಳಗಿನಿಂದ ಸೊಸೆಯ ನರಳಾಟ ಕೇಳುತ್ತಿತ್ತು. ಅತ್ತೆ ಹೊಸ್ತಿಲು ದಾಟಿ ಓಡಿ ಬಂದಳು. ಕೊಡದಲ್ಲಿದ್ದ ನೀರನ್ನು ತಂದು, ಬಗ್ಗಿ, ತನ್ನ ಕೈಯಿಂದ ಬಾಯಾರ ಕಾಲಿನ ಮಣ್ಣು ತೊಳೆದಳು. "ಒಳಗ ಬಾರವ್ವಾ, ಲಗೂ ಬಾ" ಎಂದಳು. ಬಾಯಾರು ಚೀಲ ಎತ್ತಿಕೊಂಡು ಒಳಗೆ ನಡೆದರು.

ಗಂಡ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಕೈಗೆ ಪಾನಾ ಕೊಟ್ಟು, "ಬರ್ರಿ, ಬೋಲ್ಟ್ ಬಿಗಿಯೂಣು" ಎಂದೆ. ಇಬ್ಬರೂ ಕೂಡಿ ಬಿಗಿದೆವು. ಬಿಗಿದದ್ದನ್ನು ಸಡಿಲಿಸಿ ಮತ್ತೆ ಬಿಗಿದೆವು. ದೀಪ ಹಚ್ಚುವ ಹೊತ್ತಿಗೆ ಒಳಗೆ ಕೂಸು ಅತ್ತಿತು. ಹೆಣ್ಣು. ತಾಯಿಯೂ ಉಳಿದಳು. ಗಂಡ ಪಾನಾ ಹಿಡಿದುಕೊಂಡೇ ಅಳತೊಡಗಿದ. ಅದನ್ನು ಅವನ ಮುಷ್ಟಿಯಿಂದ ಬಿಡಿಸಿಕೊಳ್ಳಲು ನನಗೆ ಸಾಕಾಯಿತು.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಊರ ಹೊರಗಿನ ಒಂದು ಬಯಲಿನಲ್ಲಿ ಬಾಯಾರು ಗಾಡಿ ನಿಲ್ಲಿಸಿದರು.

"ಇಷ್ಟು ಗಾರ್ಡ್ ಮಾಡೀದಿ. ಎಂದರ ಗಾಡಿ ನಡಸೀಯೇನು?"

"ಇಲ್ರಿ."

"ಕುಂಡ್ರು."

ಕ್ಲಚ್ಚು, ಗೇರು ಎಲ್ಲ ಹೇಳಿಕೊಟ್ಟರು. ಗಾಡಿ ಹೊರಟಿತು, ಕುಣಿಯಿತು, ಎಡಕ್ಕೆ ಉರುಳಿತು. ನಾನು ಗಡಬಡಿಸಿ ಏಳಲು ಹೋದಾಗ ಬಾಯಾರು ಬಂದು ಎಂಜಿನ್ ಆರಿಸಿ, ತಡೆದರು.

"ಏಳಬ್ಯಾಡ. ಅಲ್ಲೇ ಇದ್ದು ನೋಡು. ಎಲ್ಲೆಲ್ಲಿ ಏನು ಹತ್ತತೈತಿ, ಹೇಳು."

ಪೈಪಿನ ಕೆಳಗೆ ಕಾಲು ಇಟ್ಟುಕೊಂಡು ಆಕಾಶ ನೋಡುತ್ತ ಮಲಗಿದೆ. ಅಲ್ಲಿಯವರೆಗೆ ಗಾರ್ಡನ್ನು ಎದುರಿಗೆ ಹಿಡಿದು ನೋಡಿದ್ದೆ, ಅದರೊಳಗಿಂದ ನೋಡಿರಲಿಲ್ಲ. ಮೊಣಕಾಲಿನ ಕೆಳಗೆ, ಮಾಂಸವಿಲ್ಲದ ಎಲುಬಿನ ಮೇಲೆಯೇ ಪೈಪು ಬಂದು ಕೂರುತ್ತಿತ್ತು. ಮೀನಖಂಡಕ್ಕೆ ಎಂಜಿನ್ನಿನ ಕಾವು ತಾಗುತ್ತಿತ್ತು. ಪೈಪು ಎರಡು ಬೆರಳಿನಷ್ಟು ಮುಂದೆ ಇದ್ದಿದ್ದರೆ ಈ ಎರಡೂ ತೊಂದರೆ ಇರುತ್ತಿರಲಿಲ್ಲ. ನಾನು ಹೇಳಿದಲ್ಲೆಲ್ಲ ಬಾಯಾರು ನನ್ನ ಕಿಸೆಯಲ್ಲಿದ್ದ ಇದ್ದಿಲಿನಿಂದ ಪೈಪಿನ ಮೇಲೆ ಗೆರೆ ಎಳೆದರು.

ಅಂಗಡಿಗೆ ಬಂದಾಗ ಮಿಸ್ತ್ರಿಯವರು ಆ ಗೆರೆಗಳನ್ನು ಕಂಡು ಕಣ್ಣು ಕಿರಿದಾಗಿಸಿದರು. "ಎರಡ ಬೆರಳು ಮುಂದಂತ ಯಾರು ಹೇಳಿದ್ರೋ?"

"ಬಿದ್ದು ನೋಡಿದೆರಿ."

ಅವರು ರುಮಾಲು ತೆಗೆದು ಗೂಟಕ್ಕೆ ಹಾಕಿದರು. ಬಾಯಿಯ ತಂಬಾಕು ಉಗುಳಿ ಬಂದರು. "ಬಾಯಾರ, ನನ್ನೂ ಒಮ್ಮೆ ಬೀಳಸ್ರಿ" ಎಂದರು.

ಉಸುಕಿನ ಗುಡ್ಡೆಯ ಪಕ್ಕ ಗಾಡಿ ನಿಲ್ಲಿಸಿ, ಅವರನ್ನು ಕೂಡಿಸಿ, ನಾನೂ ಬಾಯಾರೂ ಎರಡು ಕಡೆ ಹಿಡಿದು ಮೆಲ್ಲಗೆ ಎಡಕ್ಕೆ ಇಳಿಸಿದೆವು. ಬಜಾರು ಮತ್ತೆ ನೆರೆಯಿತು. ಚಹಾದಂಗಡಿಯವನು ಪಾತ್ರೆಗೆ ಮುಚ್ಚಳ ಹಾಕಿಯೇ ಬಂದ. ಮಿಸ್ತ್ರಿಯವರು ಗಾಡಿಯ ಕೆಳಗೆ ಮಲಗಿದವರು ಏಳಲೇ ಇಲ್ಲ. ಹೆದರಿ ಬಗ್ಗಿ ನೋಡಿದೆ. ಅವರು ಪೈಪಿನ ಒಳಮೈಯನ್ನು, ಸವಾರನ ಕಾಲಿನ ಕಡೆಯದನ್ನು, ಹೆಬ್ಬೆರಳಿನಿಂದ ಸವರುತ್ತಿದ್ದರು.

"ಫಕೀರಪ್ಪಾ" ಎಂದರು, "ಒಳಗ ಬೆಸುಗಿ ಗರಗಸದ ಹಂಗ ಐತಲ್ಲೋ. ಇಷ್ಟು ವರ್ಷ ಮಂದಿ ನೋಡೂ ಕಡೆ ಅಷ್ಟs ಉಜ್ಜೇವಿ."

ಒರಟು ಅರ ತರಲು ನಾನು ಒಳಗೆ ಓಡಿದೆ. ತಂದು ಕೊಟ್ಟಾಗ ಅವರು ಮಲಗಿದಲ್ಲಿಂದಲೇ ಉಜ್ಜತೊಡಗಿದರು.